ಕಂಬಳಿ ಹೊದ್ದ ಹಿಟ್ಟು

ಗಿರಾಕಿ ಏನು ಕೇಳಿದರೂ ಮೊದಲು "ಆಯ್ತು" ಅನ್ನಬೇಕು. ಅದು ಎಲ್ಲಿ ಸಿಗುತ್ತದೆ, ಹೇಗೆ ಮಾಡುವುದು ಅನ್ನುವುದನ್ನೆಲ್ಲ ಅವರು ಅಂಗಡಿ ಮೆಟ್ಟಿಲು ಇಳಿದ ಮೇಲೆ ಯೋಚಿಸಿದರೆ ಸಾಕು. ಬಣಕಲ್ಲಿನ ಬಸ್ ಸ್ಟಾಪಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದ ನಾನು ಹೈವೇ ಪಕ್ಕದಲ್ಲೇ ಷಟರ್ ಎಳೆಯುವ ಅಂಗಡಿ ಇಡುವಷ್ಟಾದದ್ದು ಈ ಒಂದು ಅಭ್ಯಾಸದಿಂದ. ಅಂಗಡಿ ಇಡಬೇಕೆಂದು ನನ್ನ ಹತ್ತಿರ ಸಲಹೆ ಕೇಳಲು ಬಂದವರಿಗೂ ಇದನ್ನೇ ಹೇಳಿದ್ದೇನೆ. ಏನೂ ಕೇಳದೆ ಸುಮ್ಮನೆ ಸಕ್ಕರೆ ಕೊಳ್ಳಲು ಬಂದವರಿಗೂ ಹೇಳಿದ್ದೇನೆ.

ಹಾಗಾಗಿ ಆ ಬುಧವಾರ ಹೋಮ್‌ಸ್ಟೇ ಅಮ್ಮ ಅಂಗಡಿಗೆ ಬಂದು, ಮನೆಯಲ್ಲೇ ಬ್ರೆಡ್ ಮಾಡಿ ಕೊಡೋಕಾಗುತ್ತಾ ಎಂದು ಕೇಳಿದಾಗ ನನ್ನ ಬಾಯಿ ನನ್ನನ್ನು ಕೇಳದೆ "ಆಯ್ತಮ್ಮ" ಅಂದಿತು. ಬ್ರೆಡ್ ಮಾಡುವುದಿರಲಿ, ನಾನು ಬ್ರೆಡ್ ತಿಂದದ್ದೇ ಲೆಕ್ಕದ ಸಲ. ಅದೂ ಮೈ ಬಿಸಿಯಾದಾಗ, ಹಾಲಿನಲ್ಲಿ ಅದ್ದಿಕೊಂಡು.

ಆ ಅಮ್ಮನದು ಕಳಸದ ರಸ್ತೆಯಲ್ಲಿ ಎಸ್ಟೇಟು, ಎಸ್ಟೇಟಿನೊಳಗೆ ಎಂಟು ರೂಮಿನ ಹೋಮ್‌ಸ್ಟೇ. ಮೂರು ವರ್ಷದಿಂದ ಅಲ್ಲಿಗೆ ತರಕಾರಿ, ಬೇಳೆ, ಎಣ್ಣೆ ಎಲ್ಲ ಹೋಗುವುದು ನನ್ನ ಅಂಗಡಿಯಿಂದ. ಅವರೊಬ್ಬರು ನಿಂತರೆ ನನ್ನ ಅಂಗಡಿಯ ಅರ್ಧ ವ್ಯಾಪಾರ ನಿಂತ ಹಾಗೆ. ಈಗ ಮೂಡಿಗೆರೆಯ ವ್ಯಾಪಾರಿಯೊಬ್ಬ ಬ್ರೆಡ್ಡನ್ನೂ ಸೇರಿಸಿ ಎಲ್ಲ ಸಾಮಾನನ್ನೂ ತಾನೇ ಬಾಗಿಲಿಗೆ ತಂದುಕೊಡುತ್ತೇನೆಂದು ಅವರ ಹಿಂದೆ ಬಿದ್ದಿದ್ದ. ಬರುವ ಗೆಸ್ಟುಗಳಿಗೆ ಪ್ಯಾಕೆಟ್ ಬ್ರೆಡ್ ಆಗುವುದಿಲ್ಲವಂತೆ, ಮನೆಯಲ್ಲಿ ಮಾಡಿದ್ದೇ ಬೇಕಂತೆ. ಭಾನುವಾರ ಬೆಳಗಿನ ತಿಂಡಿಗೆ ಎರಡು ಬ್ರೆಡ್ ತಂದು ತೋರಿಸಿ ಅಂದರು. ಚೆನ್ನಾಗಿದ್ದರೆ ಬ್ರೆಡ್ಡೂ ನಿಮ್ಮದೇ, ಉಳಿದದ್ದೂ ನಿಮ್ಮದೇ. ಇಲ್ಲದಿದ್ದರೆ ಎಲ್ಲವನ್ನೂ ಅವರಿಗೇ ಕೊಟ್ಟುಬಿಡುತ್ತೇನೆ, ಎರಡೆರಡು ಕಡೆ ವ್ಯವಹಾರ ಇಟ್ಟುಕೊಂಡು ನನಗೆ ಪೂರೈಸುವುದಿಲ್ಲ. ಅವರು ಇದನ್ನು ಮೆಲ್ಲಗೆ, ನಗುತ್ತಲೇ ಹೇಳಿದರು. ಎಸ್ಟೇಟಿನವರು ಹಾಗೇ. ಕುತ್ತಿಗೆಗೆ ಬರುವ ಮಾತನ್ನೂ ಮೆತ್ತಗೆ ಆಡುತ್ತಾರೆ.

ನನ್ನ ಹತ್ತಿರ ಒಂದು ಓವನ್ ಇತ್ತು. ಬ್ಯಾಂಕಿನ ಆಫೀಸರೊಬ್ಬರು ವರ್ಗವಾಗಿ ಹೋಗುವಾಗ ಅವರ ಲಾರಿ ಹೊರಡುವ ಗಳಿಗೆಯವರೆಗೂ ಚೌಕಾಸಿ ಮಾಡಿ ಇಳಿಸಿಕೊಂಡದ್ದು. ಮನೆ ಖಾಲಿ ಮಾಡುವವರ ಹತ್ತಿರ ಕೊಳ್ಳುವುದಿದ್ದರೆ ಲಾರಿಯ ಹಗ್ಗ ಬಿಗಿಯುವ ಹೊತ್ತಿಗೇ ಹೋಗಬೇಕು, ಆಗ ಯಾರಿಗೂ ವಾದ ಮಾಡುವ ಶಕ್ತಿ ಇರುವುದಿಲ್ಲ. ತಂದ ದಿನದಿಂದ ಅದರೊಳಗೆ ಹಪ್ಪಳದ ಡಬ್ಬ ಇಟ್ಟಿದ್ದೆ.

ಗುರುವಾರ ಅಂಗಡಿಯನ್ನು ನಮ್ಮ ಅತ್ತೆಗೆ ಒಪ್ಪಿಸಿ ಚಿಕ್ಕಮಗಳೂರಿಗೆ ಸಾಮಾನು ತರಲು ಹೋದೆ. ಬ್ರೆಡ್ ಉಬ್ಬಲು ಯೀಸ್ಟ್ ಬೇಕೆಂದು ಫೋನಿನಲ್ಲಿ ವೀಡಿಯೋ ನೋಡಿ ತಿಳಿದುಕೊಂಡಿದ್ದೆ. ಮಾರ್ಕೆಟ್ಟಿನ ಹಿಂದಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಸಣ್ಣ ಪ್ಯಾಕೆಟ್ಟು, ರಾಗಿಗಿಂತ ಸಣ್ಣ ಕಾಳು. ಬೆಲೆ ಕೇಳಿದೆ. ಅರ್ಧಕ್ಕೆ ಕೇಳಿದೆ. ಅಂಗಡಿಯವನು ನನ್ನ ಮುಖವನ್ನೂ ನೋಡದೆ ಕೊಟ್ಟುಬಿಟ್ಟ. ಮೂರು ತಗೊಂಡರೆ ಇನ್ನೂ ಇಳಿಸುತ್ತೇನೆ ಅಂದ, ಮೂರೂ ತಗೊಂಡೆ.

ಇಲ್ಲಿ ಸ್ವಲ್ಪ ನಿಲ್ಲಿ. ಚೌಕಾಸಿಯಲ್ಲಿ ಎದುರಿನವನು ಬೇಗ ಸೋತರೆ ಸಾಮಾನನ್ನು ತಿರುಗಿಸಿ ನೋಡಬೇಕು. ಇದು ನಾನು ಊರಿಗೆಲ್ಲ ಹೇಳುವ ಮಾತು. ಆ ದಿನ ನಾನು ತಿರುಗಿಸಿ ನೋಡಲಿಲ್ಲ. ಗೆದ್ದೆ ಎಂಬ ಖುಷಿಯಲ್ಲಿ ಬಸ್ಸು ಹತ್ತಿದೆ.

ಶುಕ್ರವಾರ ಮಧ್ಯಾಹ್ನ ಮೊದಲ ಸಲ ಹಿಟ್ಟು ಕಲಸಿದೆ. ಮೂವತ್ತು ವರ್ಷ ರೊಟ್ಟಿ ತಟ್ಟಿದ ಕೈ. ರೊಟ್ಟಿ ಹಿಟ್ಟು ನಾವು ಹೇಳಿದ ಹಾಗೆ ಕೇಳುತ್ತದೆ, ತಟ್ಟಿದರೆ ಅಗಲವಾಗುತ್ತದೆ, ಅಷ್ಟೇ. ಈ ಮೈದಾ ಬೆರಳಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಕೊಡವಿದರೆ ಇನ್ನೊಂದು ಕೈಗೆ ಹತ್ತಿತು. ಮುಖ ಒರೆಸಿಕೊಂಡರೆ ಮುಖಕ್ಕೆ ಹತ್ತಿತು. ವೀಡಿಯೋದಲ್ಲಿ ಒಂದು ಗಂಟೆಯಲ್ಲಿ ಎರಡರಷ್ಟಾಗುತ್ತದೆ ಎಂದಿದ್ದರು. ಒಂದು ಗಂಟೆಗೆ ನೋಡಿದೆ, ಹಾಗೇ ಇತ್ತು. ಎರಡು ಗಂಟೆಗೆ ನೋಡಿದೆ, ಸ್ವಲ್ಪ ಕುಗ್ಗಿದ ಹಾಗೆ ಕಂಡಿತು. ಇರಲಿ, ಓವನ್ನಿನೊಳಗೆ ಉಬ್ಬೀತು ಎಂದು ಕುಕ್ಕರಿನ ಅಲ್ಯೂಮಿನಿಯಂ ಡಬ್ಬಕ್ಕೆ ಹಾಕಿ ಬೇಯಿಸಿದೆ.

ನನ್ನ ಯಜಮಾನರು ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ರೈಟರು, ಆಳುಗಳ ಲೆಕ್ಕ ಬರೆಯುವವರು. ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹೋದರೆ ಸಂಜೆ ಬರುವುದು. ಅವತ್ತು ಬಂದವರು ಮೇಜಿನ ಮೇಲಿದ್ದ ನನ್ನ ಬ್ರೆಡ್ಡನ್ನು ಕೈಯಲ್ಲಿ ತೂಗಿ ನೋಡಿದರು. ಬೆರಳು ಮಡಚಿ ಅದರ ಮೇಲೆ ಎರಡು ಸಲ ತಟ್ಟಿದರು, ಬಾಗಿಲು ತಟ್ಟಿದ ಶಬ್ದ ಬಂತು.

"ಇದನ್ನ ಜೀಪಿನ ಚಕ್ರಕ್ಕೆ ಅಡ್ಡ ಇಡ್ಬಹುದು ಮಾರಾಯ್ತಿ" ಅಂದರು. "ಇಳಿಜಾರಲ್ಲಿ."

ನನ್ನ ಅತ್ತೆ ನಗಲಿಲ್ಲ. ಎಂಬತ್ತು ದಾಟಿದವರು, ಗಟ್ಟಿಮುಟ್ಟು. ಇಡ್ಲಿ ಹಿಟ್ಟು ಹುಳಿ ಬರಿಸುವುದರಲ್ಲಿ ಜೀವನ ಕಳೆದವರು. ಡಿಸೆಂಬರಿನ ಈ ಚಳಿಯಲ್ಲಿ ಹಿಟ್ಟು ಹೇಗೆ ಏಳುತ್ತದೆ, ಬೆಚ್ಚಗಿಡಬೇಕು, ಬಚ್ಚಲು ಒಲೆ ಹತ್ತಿರ ಇಡು ಅಂದರು. ನನಗೂ ಸರಿ ಅನ್ನಿಸಿತು. ಯೀಸ್ಟಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಗೆದ್ದು ತಂದ ಸಾಮಾನಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಶನಿವಾರ ನಾನು ಮೂರು ಕೆಲಸ ಮಾಡಿದೆ. ಒಂದೊಂದಾಗಿ ನೋಡಿದರೆ ಮೂರೂ ಸರಿಯೇ. ಬೆಳಿಗ್ಗೆ ಎಂಟಕ್ಕೇ ಬೇಕರಿಗೆ ಹೋಗಿ ಎರಡು ಪ್ಯಾಕೆಟ್ ಬ್ರೆಡ್ ಕೊಂಡೆ. ಒತ್ತಿದರೆ ಎಷ್ಟು ಮೆತ್ತಗಿರುತ್ತದೆ, ಒಳಗೆ ತೂತು ಹೇಗಿರುತ್ತದೆ ಎಂದು ಬಿಚ್ಚಿ ನೋಡಲು. ಬಂದವಳು ಅಂಗಡಿಯ ಷಟರ್ ಎಳೆದೆ. ಹಿಟ್ಟು ಕಲಸುವಾಗ ಅರ್ಧ ಕೇಜಿ ಈರುಳ್ಳಿಗೆ ಎದ್ದು ಹೋಗಲು ಆಗುವುದಿಲ್ಲ. ಆಮೇಲೆ ಹಿಟ್ಟಿನ ಪಾತ್ರೆಯನ್ನು ಬಚ್ಚಲು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಕಾಯಲು ಅತ್ತೆಯನ್ನು ಕೂರಿಸಿದೆ. ಒಲೆಗೆ ಕಾಫಿ ಗಿಡದ ಒಣ ಕಟ್ಟಿಗೆ ಹಾಕುತ್ತಾ, ಜೋರು ಉರಿಯಾಗದಂತೆ, ಆರದಂತೆ ನೋಡಿಕೊಳ್ಳಬೇಕಿತ್ತು. ಅತ್ತೆ ಪಾತ್ರೆ ಮುಟ್ಟಿ ನೋಡಿ, ಸಾಲದು ಎಂದು ತಾವು ಹೊದ್ದಿದ್ದ ಕಂಬಳಿಯನ್ನೇ ತೆಗೆದು ಅದಕ್ಕೆ ಸುತ್ತಿದರು.

ಅಂಗಡಿಗೆ ಅಂಟಿಕೊಂಡೇ ನಮ್ಮ ಮನೆ, ಜಗಲಿ ಹೈವೇಗೆ ಮುಖ ಮಾಡಿದೆ. ಅತ್ತೆ ದಿನಾ ಬೆಳಿಗ್ಗೆ ಎಂಟರಿಂದ ಬಿಸಿಲು ಹೋಗುವವರೆಗೆ ಅಲ್ಲೇ ಕೂರುತ್ತಾರೆ. ಯಾವ ಬಸ್ಸು ಎಷ್ಟು ಲೇಟು ಅನ್ನುವುದು ಕಂಡಕ್ಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬಸ್ಸಿನಲ್ಲಿ ಹೋಗುವವರೂ ಕೈ ಬೀಸುತ್ತಾರೆ. ಆ ಶನಿವಾರ ಜಗಲಿ ಖಾಲಿ.

ಈಗ ನೀವು ಎದುರು ಮನೆಯವರಾಗಿ ನೋಡಿ. ಇಪ್ಪತ್ತು ವರ್ಷದಲ್ಲಿ ಮಾವ ತೀರಿಕೊಂಡ ದಿನ ಬಿಟ್ಟರೆ ಹಗಲು ಹೊತ್ತು ಮುಚ್ಚದ ಅಂಗಡಿ ಮುಚ್ಚಿದೆ. ಅಂಗಡಿಯವಳು ಬೆಳಿಗ್ಗೆ ಬೇಕರಿಯಿಂದ ಬ್ರೆಡ್ ಹಿಡಿದು ಓಡಿದ್ದಾಳೆ. ಮುದುಕಿ ಜಗಲಿಯಲ್ಲಿ ಇಲ್ಲ. ನಮ್ಮ ಕಡೆ ಬ್ರೆಡ್ಡು ಯಾರ ಮನೆಗೆ ಹೋಗುತ್ತದೆ? ಮಲಗಿದವರ ಮನೆಗೆ. ಆಸ್ಪತ್ರೆಗೆ ಹೋಗುವವರ ಕೈಯಲ್ಲಿ ಒಂದು ಬ್ರೆಡ್ಡು, ನಾಲ್ಕು ಸೇಬು. ಜೀರ್ಣವಾಗುವುದು ಅದೊಂದೇ ಎಂದು ಡಾಕ್ಟರು ಹೇಳಿದಾಗ ಬ್ರೆಡ್ಡು. ನಾನೇ ಬ್ರೆಡ್ ಹಿಡಿದು ನನ್ನ ಅಂಗಡಿಗೆ ಬಂದವರನ್ನು ಚಿಲ್ಲರೆ ಕೊಡುವ ಮೊದಲು "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತೇನೆ. ಅಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಹನ್ನೊಂದೂವರೆಗೆ ಕಂಬಳಿಯ ಅಂಚು ಸರಿಸಿ ನೋಡಿದೆ. ಹಿಟ್ಟು ಬೆಚ್ಚಗಿತ್ತು, ಅಷ್ಟೇ. ಕಲಸಿಟ್ಟಾಗ ಎಷ್ಟಿತ್ತೋ ಅಷ್ಟೇ, ನಾನು ಒತ್ತಿದ ಬೆರಳ ಗುರುತೂ ಹಾಗೇ. ಅತ್ತೆ ಒಲೆಯ ಶಾಖಕ್ಕೆ ಗೋಡೆಗೊರಗಿ ನಿದ್ದೆ ಹೋಗಿದ್ದರು. ಆಗ ವೀಡಿಯೋದ ಆರಂಭದಲ್ಲಿ ಹೇಳಿದ್ದ, ನಾನು ಅವಸರದಲ್ಲಿ ಓಡಿಸಿಬಿಟ್ಟಿದ್ದ ಮಾತು ನೆನಪಾಯಿತು: ಯೀಸ್ಟಿಗೆ ಜೀವ ಇದೆಯೋ ಇಲ್ಲವೋ ಎಂದು ಉಗುರುಬೆಚ್ಚಗಿನ ನೀರಿಗೆ ಸಕ್ಕರೆ ಹಾಕಿ ನೋಡಬೇಕು, ನೊರೆ ಬರಬೇಕು. ಉಳಿದಿದ್ದ ಪ್ಯಾಕೆಟ್ ಒಡೆದು ಲೋಟಕ್ಕೆ ಹಾಕಿದೆ. ಕಾದೆ. ನೀರು ಕೆಸರಿನ ಬಣ್ಣಕ್ಕೆ ತಿರುಗಿತು, ಮಿಸುಕಲಿಲ್ಲ. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದೆ. ಹಿಂಬದಿಯ ತಾರೀಖು ಓದಿದೆ. ಅದರ ಆಯುಷ್ಯ ಮುಗಿದು ಒಂದು ವರ್ಷವಾಗಿತ್ತು. ನಾನು ಚೌಕಾಸಿ ಮಾಡಿ ಹೆಣ ಕೊಂಡು ತಂದಿದ್ದೆ.

ಯಜಮಾನರಿಗೆ ಫೋನ್ ಮಾಡಿ, ಬರುವಾಗ ಮೂಡಿಗೆರೆಯಲ್ಲಿ ಹೊಸ ಯೀಸ್ಟ್ ತನ್ನಿ, ತಾರೀಖು ನೋಡಿ ತನ್ನಿ, ಎಷ್ಟಾದರೂ ಆಗಲಿ ಕೊಟ್ಟು ತನ್ನಿ ಅಂದೆ. ಮದುವೆಯಾದ ಮೇಲೆ ನನ್ನ ಬಾಯಲ್ಲಿ "ಎಷ್ಟಾದರೂ ಕೊಟ್ಟು" ಅನ್ನುವ ಮಾತು ಕೇಳಿದ್ದು ಅದೇ ಮೊದಲಂತೆ. ಹುಷಾರಿದ್ದೀಯಾ ಎಂದು ಕೇಳಿದರು.

ಫೋನ್ ಇಟ್ಟು ತಲೆ ಎತ್ತಿದರೆ ಅಡಿಗೆಮನೆಯ ಬಾಗಿಲಲ್ಲಿ ಎದುರು ಮನೆಯ ಟೈಲರಮ್ಮ. ಕಣ್ಣಲ್ಲಿ ನೀರು, ಕೈಯಲ್ಲಿ ಬ್ರೆಡ್ಡು. ನಾನು ಮೊಣಕೈವರೆಗೆ ಮೈದಾ ಮೆತ್ತಿಕೊಂಡು ಅವರನ್ನೇ ನೋಡಿದೆ. ಯಾವಾಗಿಂದ ಎಂದು ಕೇಳಿದರು. ನಾನು ಯೀಸ್ಟಿನ ಗುಂಗಿನಲ್ಲಿದ್ದೆ, ಏನು ಯಾವಾಗಿಂದ ಎಂದು ಕೇಳುವಷ್ಟರಲ್ಲಿ ಅವರ ಹಿಂದೆ ಇನ್ನಿಬ್ಬರು ಬಂದರು. ಅವರ ಕೈಯಲ್ಲೂ ಬ್ರೆಡ್ಡು. ಹಿಂಬಾಗಿಲಿಂದ ಹೂವಿನಂಗಡಿಯಾಕೆ ಬಂದಳು, ಬ್ರೆಡ್ಡು ಮತ್ತು ಸೇಬು. ಹತ್ತು ನಿಮಿಷದಲ್ಲಿ ಏಳು ಜನ ಹೆಂಗಸರು, ಏಳು ಪ್ಯಾಕೆಟ್ಟು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಚಪ್ಪಲಿಯನ್ನೂ ಸದ್ದಾಗದಂತೆ ಬಿಟ್ಟು ಬಂದಿದ್ದರು.

ಅತ್ತೆಗೆ ಏನೂ ಆಗಿಲ್ಲ, ಬಚ್ಚಲಲ್ಲಿದ್ದಾರೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಮೇಜಿನ ಮೇಲೆ ಹೋಯಿತು. ಓವನ್ ಬಿಸಿಯಾಗುತ್ತಿತ್ತು. ಎಣ್ಣೆ ಸವರಿದ ಡಬ್ಬಗಳು, ಅಳತೆಯ ಲೋಟ, ಹಿಟ್ಟಿನ ಚೀಲ. ಹೋಮ್‌ಸ್ಟೇ ಆರ್ಡರಿನ ವಿಷಯ ಊರಿಗೆ ಬುಧವಾರವೇ ನಾನೇ ಹೇಳಿದ್ದೆ.

"ಈ ಹೊತ್ತಲ್ಲೂ ಆರ್ಡರ್ ರೆಡಿ ಮಾಡ್ತಿದ್ದೀಯಲ್ಲೇ" ಎಂದಳು ಹೂವಿನಂಗಡಿಯಾಕೆ, ಬಹಳ ಮೆಲ್ಲಗೆ.

"ಅವಳು ಹಾಗೇ ಅಲ್ವಾ" ಎಂದರು ಟೈಲರಮ್ಮ. "ಅವಳಿಗೆ ವ್ಯಾಪಾರ ಅಂದ್ರೆ ವ್ಯಾಪಾರ."

ಬೈದದ್ದಲ್ಲ. ಇದನ್ನು ನೀವು ಸರಿಯಾಗಿ ಕೇಳಿಸಿಕೊಳ್ಳಬೇಕು. ನನ್ನ ಪರವಾಗಿ, ಸಮಾಧಾನ ಹೇಳುವ ದನಿಯಲ್ಲಿ ಅಂದದ್ದು. ಇಪ್ಪತ್ತು ವರ್ಷದಿಂದ ಎದುರುಬದುರು ಇದ್ದವರು, ನನ್ನ ರವಿಕೆಯ ಅಳತೆ ಬಾಯಿಪಾಠ ಇರುವವರು. ಮನೆಯಲ್ಲಿ ಮುದುಕಿ ಕೊನೆ ಉಸಿರು ಎಳೆಯುತ್ತಿದ್ದರೂ ನಾನು ಹಿಟ್ಟು ಅಳೆಯುತ್ತಾ ನಿಲ್ಲುವವಳು ಎಂದು ಅವರು ನಂಬಿಬಿಟ್ಟಿದ್ದರು. ಅದೂ ಆಶ್ಚರ್ಯಪಡದೆ.

ಸುಮ್ಮನೆ ಕೈ ತೋರಿಸಿ ಬಚ್ಚಲಿಗೆ ಕರೆದುಕೊಂಡು ಹೋದೆ. ಅದು ಇನ್ನೂ ಕೆಟ್ಟದಾಯಿತು. ಹೊಗೆ ತುಂಬಿದ ಕತ್ತಲು. ಅತ್ತೆ ಬರೀ ಸೀರೆಯಲ್ಲಿ, ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಮಾಡುತ್ತಿದ್ದರು. ಅವರ ಕಂಬಳಿ ಪಕ್ಕದ ಪಾತ್ರೆಯ ಮೇಲೆ, ಮಗುವಿಗೆ ಹೊದಿಸಿದ ಹಾಗೆ, ನಾಲ್ಕು ಸುತ್ತು.

"ಮುದುಕಿ ಕಂಬಳಿ ತೆಗೆದು ಹಿಟ್ಟಿಗೆ ಹೊದಿಸಿದ್ದಾಳೆ" ಎಂದು ಯಾರೋ ನನ್ನ ಹಿಂದೆ ಅಂದರು.

ಆ ಮಾತಿಗೆ ಅತ್ತೆ ಕಣ್ಣು ಬಿಟ್ಟರು. ಎದುರಿಗೆ ಏಳು ಜನ ಸೆರಗು ಬಾಯಿಗೆ ಹಿಡಿದು ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಬ್ರೆಡ್ಡು. ಅತ್ತೆಯ ಮುಖ ಬಿಳಿಚಿಕೊಂಡಿತು. ಗೋಡೆ ಹಿಡಿದು ಎದ್ದು ನಿಂತರು.

"ಯಾರು ಹೋದ್ರು?" ಎಂದು ಕೇಳಿದರು.

ಟೈಲರಮ್ಮ ತಮ್ಮ ಕೈಲಿದ್ದ ಬ್ರೆಡ್ಡನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲು ನೋಡಿದರು. ಅಲ್ಲಿಂದ ಅತ್ತೆಗೆ ಅರ್ಥವಾಯಿತು ಅಂತ ಕಾಣುತ್ತದೆ. ತಾವೇ ಕೇಳಿ ಕೇಳಿ ಎಲ್ಲರ ಬಾಯಿ ಬಿಡಿಸಿದರು. ಜಗಲಿಯಲ್ಲಿ ಕಾಣದಿದ್ದರೆ ಸತ್ತೆ ಅಂತಲೇನೇ ಲೆಕ್ಕ ಎಂದು ಗದರಿದರು. ನಗುವೂ ಆಯಿತು, ನಾನು ಕಾಫಿ ಮಾಡಿಕೊಟ್ಟೆ. ಆದರೆ ಕಾಫಿ ಕುಡಿಯುವಾಗಲೂ ಹೂವಿನಂಗಡಿಯಾಕೆ ಅತ್ತೆಯ ಕಂಬಳಿಯನ್ನು ಪಾತ್ರೆಯಿಂದ ಬಿಚ್ಚಿ ಅವರ ಹೆಗಲಿಗೆ ಹೊದಿಸಿದ್ದನ್ನು ನಾನು ನೋಡಿದೆ. ನನ್ನ ಕಡೆ ನೋಡದೆ ಹೊದಿಸಿದಳು. ಹೋಗುವಾಗ ಯಾರೂ ಬ್ರೆಡ್ಡನ್ನು ವಾಪಸ್ ಒಯ್ಯಲಿಲ್ಲ. ಹುಷಾರಿಲ್ಲದವರಿಗೆಂದು ತಂದದ್ದನ್ನು ಹಿಂದಕ್ಕೆ ತಗೊಂಡು ಹೋಗಬಾರದು.

ಇಷ್ಟಕ್ಕೇ ಮುಗಿದಿದ್ದರೆ ಇದು ಊರು ನಗುವ ಕಥೆಯಾಗಿರುತ್ತಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಹೋಮ್‌ಸ್ಟೇ ಅಮ್ಮನ ಫೋನ್ ಬಂತು. ಅವರ ಜೀಪಿನ ಡ್ರೈವರ್ ಬೆಳಿಗ್ಗೆ ಸೊಪ್ಪಿಗೆಂದು ಬಂದವನು ಷಟರ್ ಎಳೆದದ್ದು ನೋಡಿ ಬೇಕರಿಯಲ್ಲಿ ವಿಚಾರಿಸಿದ್ದಾನೆ, ಬೇಕರಿಯವನು ತನಗೆ ತೋಚಿದ್ದನ್ನು ಹೇಳಿದ್ದಾನೆ. ಅಮ್ಮ ಬಹಳ ಮೆತ್ತಗೆ ಮಾತಾಡಿದರು. ಬ್ರೆಡ್ಡಿನ ವಿಷಯ ತಲೆಗೆ ಹಚ್ಚಿಕೊಳ್ಳಬೇಡಿ, ಮೂಡಿಗೆರೆಯವರಿಗೆ ಹೇಳಿದ್ದೇನೆ, ನಾಳೆಯಿಂದ ತರಕಾರಿಯೂ ಅವರೇ ತರುತ್ತಾರೆ, ನೀವು ಅತ್ತೆಯ ಹತ್ತಿರ ಇರಿ ಅಂದರು. ನಾನು ಅತ್ತೆ ಚೆನ್ನಾಗಿದ್ದಾರೆ, ಏನೂ ಆಗಿಲ್ಲ, ನಾಳೆ ಬ್ರೆಡ್ ತರುತ್ತೇನೆ ಎಂದೆ. ಎರಡನೇ ಸಲವೂ ಹೇಳಿದೆ. ದನಿ ಎತ್ತರಿಸಿದೆನೇನೋ.

ಅವರು, "ಇಂಥ ಹೊತ್ತಲ್ಲೂ ನೀವು ಬಿಡಲ್ಲ ಅಲ್ವಾ" ಎಂದರು. ಬೇಸರದಿಂದ ಅಂದದ್ದು. ಫೋನ್ ಇಟ್ಟರು.

ಮೂರು ವರ್ಷದ ಗಿರಾಕಿ ಹೋದದ್ದು ದಯೆಯಿಂದ. ಜಗಳವಾಡಿ ಹೋಗಿದ್ದರೆ ಹೇಗೆ ಹಿಂದಕ್ಕೆ ತರಬೇಕೆಂದು ನನಗೆ ಗೊತ್ತಿತ್ತು. ದಯೆ ತೋರಿಸಿ ಹೋದವರ ಎದುರು ಯಾವ ಚೌಕಾಸಿ ಮಾಡುವುದು? ಅತ್ತೆ ಬದುಕಿದ್ದಾರೆ ಎಂದು ನಾನು ಹೇಳಿದಷ್ಟೂ ಅವರಿಗೆ ನಾನು ಹೆಣದ ಪಕ್ಕ ಕೂತು ವ್ಯಾಪಾರ ಮಾಡುವವಳಾಗಿ ಕಂಡೆ.

ಮೇಜಿನ ಮೇಲೆ ಒಂಬತ್ತು ಪ್ಯಾಕೆಟ್ ಬ್ರೆಡ್ಡು ಇತ್ತು, ನಾನು ಕೊಂಡದ್ದು ಸೇರಿ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎರಡು ಪ್ಯಾಕೆಟ್ಟಿನ ಕವರ್ ಬಿಚ್ಚಿ, ಮೇಲೆ ಬೆಣ್ಣೆ ಸವರಿ ಓವನ್ನಿನಲ್ಲಿ ಬಿಸಿ ಮಾಡಿದರೆ ಮನೆಯದೇ ಅನ್ನಬಹುದಲ್ಲ ಎಂದು ಲೆಕ್ಕ ಹಾಕಿದೆ. ಕೈ ಪ್ಯಾಕೆಟ್ಟಿನ ಮೇಲೆ ಹೋಗಿಯೂ ಇತ್ತು. ಅದು ಟೈಲರಮ್ಮ ಅತ್ತುಕೊಂಡು ತಂದ ಬ್ರೆಡ್ಡು. ಅವರು ನನ್ನನ್ನು ಅಷ್ಟು ಸುಲಭವಾಗಿ ಹೇಗೆ ನಂಬಿದರು ಎಂದು ಆಗ ಸ್ವಲ್ಪ ತಿಳಿಯಿತು. ಕೈ ತೆಗೆದೆ.

ಅತ್ತೆಗೆ ಫೋನಿನ ವಿಷಯ ಹೇಳಿದೆ. ಅವರು ಬಹಳ ಹೊತ್ತು ಬಸ್ಸು ನೋಡುತ್ತಾ ಜಗಲಿಯಲ್ಲಿ ಕೂತಿದ್ದರು. ಆಮೇಲೆ, ಬ್ರೆಡ್ ಮಾಡು, ನಾಳೆ ನಾನೂ ಬರುತ್ತೇನೆ ಅಂದರು.

ಯಜಮಾನರು ಐದೂವರೆಗೆ ಬಂದರು, ಕಿಸೆಯಲ್ಲಿ ಹೊಸ ಯೀಸ್ಟು. ತಾರೀಖನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ತಂದಿದ್ದೇನೆ ಎಂದರು. ಲೋಟದಲ್ಲಿ ಸಕ್ಕರೆ ನೀರಿಗೆ ಹಾಕಿ ಮೂವರೂ ಸುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಒಂದು ಗುಳ್ಳೆ, ಆಮೇಲೆ ನಾಲ್ಕು, ಆಮೇಲೆ ಹಾಲು ಉಕ್ಕಿದ ಹಾಗೆ ನೊರೆ. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಹಿಟ್ಟು ಕಲಸಿದೆ. ಈ ಸಲ ಎಷ್ಟು ಗಂಟೆ ಎಂದು ನೋಡಲಿಲ್ಲ. ಬೆಳಿಗ್ಗೆಯವರೆಗೆ ತಣ್ಣಗೆ ನಿಧಾನಕ್ಕೆ ಏಳಲಿ ಎಂದು ಯಜಮಾನರು ಅಂದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸಿನ ತೊಟ್ಟಿಯಲ್ಲಿ ಬೀಜವನ್ನು ಲೋಳೆ ಬಿಡಲು ಇಡುವುದೂ ಹೀಗೆಯೇ, ಚಳಿ ಇದ್ದಷ್ಟು ತಡ, ಕೈ ಹಾಕಿ ನೋಡುವುದೊಂದೇ ದಾರಿಯಂತೆ. ಅತ್ತೆ ಮತ್ತೆ ಕಂಬಳಿ ಕೊಟ್ಟರು. ಬೇಡ ಎಂದೆ. ಅವರಿಗೆ ಇನ್ನೊಂದು ಕಂಬಳಿ ಹುಡುಕಿ ಹೊದಿಸಿದ ಮೇಲೆಯೇ ತಗೊಂಡೆ.

ಬೆಳಿಗ್ಗೆ ಐದಕ್ಕೆ ಎದ್ದು ಹೋದೆ. ಪಾತ್ರೆಯ ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ಬೆಕ್ಕು ಎಂದುಕೊಂಡೆ. ದೀಪ ಹಾಕಿದರೆ ಹಿಟ್ಟು ಪಾತ್ರೆಯ ಬಾಯಿ ದಾಟಿ, ಕಂಬಳಿಯ ಮಡಿಕೆಯೊಳಗೆಲ್ಲ ನುಗ್ಗಿ, ಒಂದು ಬದಿಯಿಂದ ಕಟ್ಟೆಯ ಕೆಳಗೆ ಜೋತುಬಿದ್ದಿತ್ತು. ಮುಟ್ಟಿದೆ. ಉಸಿರು ಬಿಟ್ಟು ಕುಸಿಯಿತು. ನಾನು ಕೂಗಿದೆನಂತೆ, ಯಜಮಾನರು ಓಡಿ ಬಂದರು. ಉಣ್ಣೆಗೆ ಹತ್ತಿದ್ದನ್ನು ಬಿಟ್ಟು ಉಳಿದದ್ದನ್ನು ಎರಡು ಡಬ್ಬಕ್ಕೆ ಹಾಕಿ, ಮತ್ತೆ ಅಷ್ಟೆತ್ತರ ಬರುವವರೆಗೆ ಕಾದು, ಕರೆಂಟು ಹೋಗದಿರಲಿ ಎಂದು ದೇವರಿಗೆ ಕೈಮುಗಿದು ಬೇಯಿಸಿದೆ. ಒಂದು ಬ್ರೆಡ್ಡು ಗುಂಡಗೆ, ಕಂದು ಬಣ್ಣಕ್ಕೆ ಎದ್ದಿತು. ಇನ್ನೊಂದು ಪಕ್ಕಕ್ಕೆ ಬಿರಿದು ಬಾಯಿ ಬಿಟ್ಟಿತು. ತಟ್ಟಿದರೆ ಟೊಳ್ಳು ಸದ್ದು. ಎರಡನ್ನೂ ಬಿಳಿ ಪಂಚೆಯಲ್ಲಿ ಸುತ್ತಿದೆ.

ಅತ್ತೆ ಹಬ್ಬದ ಸೀರೆ ಉಟ್ಟು, ವಿಭೂತಿ ಇಟ್ಟು ಬಂದು ಆಟೋ ಹತ್ತಿದರು. ಬ್ರೆಡ್ಡಿನ ಗಂಟು ಅವರ ಮಡಿಲಲ್ಲಿ. ಆಟೋದವನು ಕನ್ನಡಿಯಲ್ಲಿ ಅವರನ್ನೂ ಗಂಟನ್ನೂ ನೋಡಿದ, ಏನೂ ಕೇಳದೆ ಆಸ್ಪತ್ರೆಯ ಕಡೆ ತಿರುಗಿಸಿದ. ನಾನು ಹೆಗಲು ತಟ್ಟಿ ಕಳಸದ ರಸ್ತೆ ಅಂದೆ. ಅಲ್ಲಿ ಯಾವ ಡಾಕ್ಟ್ರು ಎಂದು ಕೇಳಿದ.

ಹೋಮ್‌ಸ್ಟೇ ಅಂಗಳದಲ್ಲಿ ಮೂಡಿಗೆರೆಯವನ ಟೆಂಪೋ ಆಗಲೇ ನಿಂತಿತ್ತು. ಎಲೆಕೋಸಿನ ಚೀಲ ಇಳಿಸುತ್ತಿದ್ದರು. ವರಾಂಡದಲ್ಲಿದ್ದ ಅಮ್ಮ ನನ್ನನ್ನು ನೋಡಿ ಮುಖ ಗಂಟು ಹಾಕಿದರು, ಆಮೇಲೆ ಆಟೋದಿಂದ ಇಳಿಯುತ್ತಿದ್ದವರನ್ನು ನೋಡಿದರು. ಅತ್ತೆಯನ್ನು ಅವರು ಜಗಲಿಯಲ್ಲಿ ಎಷ್ಟೋ ಸಲ ಕಂಡಿದ್ದವರು. ಕೈಯಲ್ಲಿದ್ದ ಕಪ್ಪನ್ನು ಕಂಬದ ಬುಡದಲ್ಲಿ ಇಟ್ಟರು. ಇಟ್ಟದ್ದು ಸರಿಯಾಗಿ ಕೂರದೆ ಉರುಳಿತು.

ಅತ್ತೆ ಮೆಟ್ಟಿಲು ಹತ್ತಿ ಗಂಟನ್ನು ಅವರ ಕೈಗಿಟ್ಟರು.

"ಇದು ಕಾಯಿಲೆ ಬ್ರೆಡ್ಡಲ್ಲ ಕಣಮ್ಮ, ತಿನ್ನೋ ಬ್ರೆಡ್ಡು" ಎಂದರು. "ಕಂಬಳಿ ಕೊಟ್ಟಿದ್ದು ನಾನೇ. ಇವಳು ಕಿತ್ಕೊಂಡಿಲ್ಲ."

ಅಮ್ಮ ಗಂಟು ಬಿಚ್ಚಿದರು. ಬಿರಿದ ಬ್ರೆಡ್ಡಿನ ಬಾಯಿಗೆ ಕೈ ಹಾಕಿ ಒಂದು ತುಂಡು ಮುರಿದರು. ಒಳಗಿಂದ ಹಬೆ ಬಂತು. ತಿಂದರು. ಇನ್ನೊಂದು ತುಂಡು ಮುರಿದು ಅತ್ತೆಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಿನ್ನೆ ಹಾಗೆ ಅನ್ನಬಾರದಿತ್ತು ಎಂದರು. ಬ್ರೆಡ್ಡು ಇನ್ನು ನೀವೇ ಕೊಡಿ. ಆದರೆ ತರಕಾರಿಗೆ ಮೂಡಿಗೆರೆಯವರಿಗೆ ಈ ಸೀಸನ್ ಮುಗಿಯುವವರೆಗೆ ಮಾತು ಕೊಟ್ಟಾಗಿದೆ, ಈಗ ಹೇಗೆ ತಪ್ಪಲಿ?

ನನ್ನ ಬಾಯಲ್ಲಿ ನಾಲ್ಕು ಮಾತು ಸಿದ್ಧವಾಗಿದ್ದವು. ಅರ್ಧ ತರಕಾರಿಯಾದರೂ ಉಳಿಸಿಕೊಳ್ಳುವ ಮಾತು, ಬ್ರೆಡ್ಡಿಗೆ ಎಣ್ಣೆ ಬೇಳೆ ಸೇರಿಸುವ ಮಾತು. ಕೊಟ್ಟ ಮಾತನ್ನೇ ಬಂಡವಾಳ ಅಂದುಕೊಂಡವಳು ನಾನು, ಅವರಿಗೆ ಅದನ್ನು ಮುರಿಯಿರಿ ಎಂದು ಯಾವ ಬಾಯಲ್ಲಿ ಹೇಳಲಿ? ಆಯ್ತಮ್ಮ ಎಂದೆ. ಈ ಸಲ ಗೊತ್ತಿದ್ದೇ ಅಂದದ್ದು.

ಆ ಸೀಸನ್ನಿನಲ್ಲಿ ನನ್ನ ತರಕಾರಿ ಬುಟ್ಟಿಗಳು ಸಂಜೆಗೆ ಬಾಡುತ್ತಿದ್ದುದು ನಿಜ. ಯೀಸ್ಟ್ ಕೊಳ್ಳುವಾಗ ಈಗಲೂ ನಾನು ಚೌಕಾಸಿ ಮಾಡುವುದಿಲ್ಲ. ನೀವೂ ಮಾಡಬೇಡಿ. ಮೊದಲು ತಾರೀಖು, ಆಮೇಲೆ ಲೋಟದಲ್ಲಿ ನೊರೆ, ಆಮೇಲೆಯೇ ಹಿಟ್ಟು. ಚಳಿಗಾಲದಲ್ಲಿ ಗಡಿಯಾರ ನೋಡಬೇಡಿ, ಮತ್ತು ದೊಡ್ಡ ಪಾತ್ರೆ ಇಡಿ.

ಅವತ್ತು ಅದೇ ಆಟೋದಲ್ಲಿ ವಾಪಸ್ ಬಂದೆವು. ಕಾಫಿ ತೋಟಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕೊಟ್ಟಿಗೆಹಾರ ದಾಟಿದ ಮೇಲೆ ಅತ್ತೆ ಕೇಳಿದರು.

"ನಿನ್ನೆ ನಿಜವಾಗ್ಲೂ ನಂಗೆ ಹಾಗೇ ಆಗಿದ್ರೆ, ಬ್ರೆಡ್ ಬೇಯಿಸ್ತಿದ್ದೆಯಾ?"

ಬೇರೆ ಯಾರು ಕೇಳಿದ್ದರೂ ಛೆ ಛೆ ಎಂದು ಬಾಯಿ ತುಂಬ ಹೇಳುತ್ತಿದ್ದೆ. ಆ ಪ್ಯಾಕೆಟ್ಟಿನ ಮೇಲೆ ಹೋದ ನನ್ನ ಕೈ ನೆನಪಾಯಿತು.

"ಗೊತ್ತಿಲ್ಲ ಅತ್ತೆ" ಎಂದೆ.

ಅವರು ತಲೆಯಾಡಿಸಿದರು, ಸರಿಯಾದ ತೂಕ ಕೊಟ್ಟ ಅಂಗಡಿಯವನಿಗೆ ಆಡಿಸಿದ ಹಾಗೆ. ಖಾಲಿ ಪಂಚೆಯನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂ‍ಡರು. ಆಮೇಲೆ, ಏನೇ ಆಗಲಿ ಇನ್ನು ಅಂಗಡಿ ಷಟರ್ ಮಾತ್ರ ಎಳೀಬೇಡ ಮಾರಾಯ್ತಿ, ಜನ ಗಾಬರಿಯಾಗ್ತಾರೆ ಎಂದರು.